ನಾಲ್ಕು ಸಾಲಿನಲ್ಲಿ ಬಿಟ್ಟುಹೋದದ್ದು

ಬೇಗೂರಿನ ನೀಲಾವತಿ ಆಶಾ ಕಾರ್ಯಕರ್ತೆ. ಅವಳು ನೋಡಿಕೊಳ್ಳುವ ಬೀದಿಗಳಲ್ಲಿ ಸಕ್ಕರೆ ಕಾಯಿಲೆಯವರು ಇಪ್ಪತ್ತಾರು ಮಂದಿ. ಆಸ್ಪತ್ರೆಯಲ್ಲಿ ಮಾತ್ರೆ ದುಡ್ಡಿಲ್ಲದೆ ಸಿಗುತ್ತದೆ. ಆದರೆ ಅದನ್ನು ತಪ್ಪದೆ ನುಂಗುವವರು ಕಡಿಮೆ. ಒಬ್ಬರಿಗೆ ಹೊಟ್ಟೆ ಉರಿ, ಇನ್ನೊಬ್ಬರಿಗೆ ಮರೆವು, ಮತ್ತೊಬ್ಬರಿಗೆ ಪಕ್ಕದ ಮನೆಯವರು ಹೇಳಿದ ಕಷಾಯದ ಮೇಲೆ ನಂಬಿಕೆ. ಎಲ್ಲರ ಕೈಗೂ ಫೋನು ಬಂದ ಮೇಲೆ ಕಷಾಯಗಳ ಸಂಖ್ಯೆಯೂ ಏರಿತು. ದಿನಕ್ಕೊಬ್ಬರಾದರೂ ವಾಟ್ಸ್ಆಪ್ ತೆರೆದು ಅವಳ ಮುಂದೆ ಹಿಡಿದು, ಇದು ನಿಜವೇ ಎಂದು ಕೇಳುತ್ತಿದ್ದರು.

ಹಾಗಾಗಿ ಚಾಮರಾಜನಗರದಿಂದ ನಯನಾ ಬಂದು ಒಂದು ಹೊಸ ಆಪ್ ತೋರಿಸಿದಾಗ ನೀಲಾವತಿಗೆ ಹೊರೆ ಇಳಿದಂತಾಯಿತು. ನಯನಾ ಫಾರ್ಮಸಿ ಓದಿದವಳು, ಎಂಟು ವರ್ಷ ಆಸ್ಪತ್ರೆಯೊಂದರಲ್ಲಿ ಔಷಧಿ ವಿಭಾಗ ನೋಡಿಕೊಂಡವಳು. ಈಗ ಇಬ್ಬರು ಗೆಳತಿಯರ ಜೊತೆ ಸೇರಿ ಈ ಆಪ್ ಕಟ್ಟುತ್ತಿದ್ದಳು. ದೊಡ್ಡ ದೊಡ್ಡ ವೈದ್ಯರು ಇಂಗ್ಲಿಷಿನಲ್ಲಿ ಬರೆದ ಸಂಶೋಧನೆಗಳನ್ನು ಅದರೊಳಗಿನ ಎಐ ಓದಿ, ಸಾರಾಂಶವನ್ನು ಕನ್ನಡದಲ್ಲಿ ನಾಲ್ಕೇ ಸಾಲಿನಲ್ಲಿ ಹೇಳುತ್ತಿತ್ತು. ಇನ್ನೂ ತಯಾರಾಗುತ್ತಿದೆ, ಬಳಸಿ ನೋಡಿ, ಏನು ಸರಿಯಿಲ್ಲ ಅನ್ನಿಸುತ್ತದೋ ಬರೆದಿಡಿ ಎಂದು ನಯನಾ ಹೇಳಿ ಹೋದಳು. ಜನರಿಗೆ ಓದಿ ಹೇಳಬಹುದೇ, ಬೇಡವೇ ಎಂಬುದನ್ನು ಅವಳೂ ಹೇಳಲಿಲ್ಲ, ನೀಲಾವತಿಯೂ ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಅಂಗನವಾಡಿಯಲ್ಲಿ ಹೆಂಗಸರ ಸಂಘದ ಸಭೆ. ಅಲ್ಲಿ ಮರಿತಾಯಮ್ಮ, ಅರಿಶಿನದಿಂದ ಸಕ್ಕರೆ ಇಳಿಯುತ್ತದಂತೆ, ಹೌದೇ ಎಂದು ಕೇಳಿದಳು. ಅವಳಿಗೆ ಐವತ್ತನಾಲ್ಕು ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅರಿಶಿನ ಕೀಳುವ ಕೂಲಿ ನಡೆಯುತ್ತಿದ್ದ ಕಾಲ ಅದು, ಮನೆಯಲ್ಲಿ ಅರಿಶಿನಕ್ಕೇನೂ ಕೊರತೆ ಇರಲಿಲ್ಲ. ನೀಲಾವತಿ ಫೋನಿನಲ್ಲಿ ಪ್ರಶ್ನೆ ಹಾಕಿ, ಬಂದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಅರಿಶಿನದ ಸಾರ ಕೊಟ್ಟಾಗ ರಕ್ತದ ಸಕ್ಕರೆ ಚೆನ್ನಾಗಿ ಇಳಿಯಿತು. ಎಂಟು ವಾರದಲ್ಲಿ ಫಲ ಕಂಡಿತು. ಅಡ್ಡ ಪರಿಣಾಮ ಕಾಣಲಿಲ್ಲ. ಹೆಚ್ಚಿನ ಅಧ್ಯಯನ ಬೇಕು. ಕೊನೆಯ ಸಾಲು ಓದುವ ಹೊತ್ತಿಗೆ ಹೆಂಗಸರು ಆಗಲೇ ಮಾತಿಗೆ ಶುರುಮಾಡಿದ್ದರು.

ಮರಿತಾಯಮ್ಮನ ಗಂಡ ಪುಟ್ಟಮಾದುವಿಗೆ ಮಾತ್ರೆಗಳ ಮೇಲೆ ಮೊದಲಿನಿಂದಲೂ ಅನುಮಾನ. ಹೆಂಡತಿ ಮನೆಗೆ ಬಂದು ಹೇಳಿದ್ದನ್ನು ಕೇಳಿ ಅವನಿಗೆ ಬಲ ಬಂತು.

"ನಾನ್ ಏಳ್ನಿಲ್ವಾ? ಮಾತ್ರೆ ನುಂಗಿ ನುಂಗಿ ಕಿಡ್ನಿ ಓಯ್ತದ ಕಣಮ್ಮಿ. ಈಗ ದೊಡ್ ಡಾಕ್ಟರ್‌ಗಳೇ ಬರ್ದವ್ರ. ಬುಟ್ಬುಡು ಅತ್ಲಾಗ."

ಅವಳು ಬಿಟ್ಟಳು. ದಿನವೂ ಬೆಳಿಗ್ಗೆ ಬಿಸಿನೀರಿಗೆ ಒಂದು ಚಮಚ ಅರಿಶಿನ ಕಲಸಿ ಕುಡಿದಳು. ಹದಿನೈದು ದಿನ ಕಳೆದ ಮೇಲೆ ಹೊಲದಲ್ಲಿ ಗುದ್ದಲಿ ತಾಗಿ ಎಡಗಾಲಿನ ಕಿರುಬೆರಳು ಸೀಳಿತು. ಅದಕ್ಕೂ ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ಕೂಲಿಗೆ ಹೋದಳು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾಗಿ ನೋವಿರಲಿಲ್ಲ, ಹಾಗಾಗಿ ಬಿಚ್ಚಿ ನೋಡುವ ಗೋಜಿಗೂ ಹೋಗಲಿಲ್ಲ.

ಮುಂದಿನ ತಿಂಗಳ ಮಾತ್ರೆ ಕೊಡಲು ನೀಲಾವತಿ ಅವರ ಮನೆಗೆ ಹೋದಾಗ ಹಳೆಯ ಮಾತ್ರೆಯ ಪಟ್ಟಿಗಳು ಗೂಡಿನಲ್ಲಿ ಹಾಗೇ ಇದ್ದವು. ಒಳಗೆ ಒಂಥರಾ ವಾಸನೆ. ಮರಿತಾಯಮ್ಮ ಗೋಡೆಗೆ ಒರಗಿ ಕೂತಿದ್ದಳು, ಮೈ ಬೆಂಕಿಯಂತೆ ಸುಡುತ್ತಿತ್ತು. ನೀಲಾವತಿ ಕಾಲಿನ ಬಟ್ಟೆ ಬಿಚ್ಚಿದಳು. ಬೆರಳು ಕಪ್ಪಗಾಗಿತ್ತು.  ಆಂಬುಲೆನ್ಸಿಗೆ ಫೋನು ಮಾಡಿ, ಜೊತೆಗೆ ತಾನೂ ಹತ್ತಿದಳು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ನೋಡಿದಾಗ ಸಕ್ಕರೆ ನಾನೂರು ದಾಟಿತ್ತು. ಎರಡನೇ ದಿನ ಕಿರುಬೆರಳು ತೆಗೆದರು. ಇನ್ನು ನಾಲ್ಕು ದಿನ ಬಿಟ್ಟು ಬಂದಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪುಟ್ಟಮಾದು ತಲೆ ತಗ್ಗಿಸಿ ಕೂತಿದ್ದ. ನೀಲಾವತಿ ಹೋಗಿ ಪಕ್ಕದಲ್ಲಿ ಕೂತಳು.

"ನೀನೇ ಓದ್ದೆ ಕಣವ್ವ," ಎಂದ ಅವನು. "ಅದ ನಂಬ್ಕಂಡು ಬುಡ್ಸ್‌ಬುಟ್ಟೆ ನಾನು."

"ಊ ಕಣಣ್ಣ," ಎಂದಳು ನೀಲಾವತಿ. "ಓದ್ದೋಳು ನಾನೇ."

 ಆ ಸಂಜೆಯೇ ನಯನಾಗೆ ಫೋನು ಮಾಡಿ ನಡೆದದ್ದನ್ನೆಲ್ಲ ತಿಳಿಸಿದಳು.

ಮರಿತಾಯಮ್ಮ ಮನೆಗೆ ಬಂದ ಮೂರನೇ ದಿನ ನಯನಾ ಲ್ಯಾಪ್‌ಟಾಪ್ ಹಿಡಿದು ಬೇಗೂರಿಗೆ ಬಂದಳು. ನೀಲಾವತಿಯ ಜೊತೆ ಮರಿತಾಯಮ್ಮನ ಮನೆಗೆ ಹೋಗಿ ಕಾಲಿನ ಕಟ್ಟನ್ನು ನೋಡಿದಳು. ಆಮೇಲೆ ಮೂಲ ಸಂಶೋಧನೆಯನ್ನು ತೆರೆದು, ಅದು ಮನುಷ್ಯರ ಮೇಲೆ ಮಾಡಿದ್ದೇ ಅಲ್ಲ, ನಲವತ್ತು ಇಲಿಗಳ ಮೇಲೆ ಮಾಡಿದ್ದು ಎಂದು ಹೇಳಿದಳು. ಕೊಟ್ಟದ್ದೂ ಅಡುಗೆಮನೆಯ ಅರಿಶಿನವಲ್ಲ, ಅದರಿಂದ ತೆಗೆದ ಸಾರ. ಮಾತ್ರೆ ಬಿಡಿ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಹಾಗಾದರೆ ಇಲಿಯ ಮಾತು ಎಲ್ಲಿ ಹೋಯಿತು ಎಂದು ನೀಲಾವತಿ ಕೇಳಿದಳು.

"ನಾವೇ ಕಳ್ಕೊಂಡ್ವಿ," ಎಂದಳು ನಯನಾ. "ನಾಲ್ಕೇ ಸಾಲು ಇರ್ಬೇಕು, ಫಲಿತಾಂಶ ಮೊದ್ಲು ಬರ್ಬೇಕು ಅಂತ ನಾವೇ ಅದಕ್ಕೆ ಹೇಳಿಟ್ಟಿದ್ವಿ. ಚಿಕ್ಕದು ಮಾಡೋಕೆ ಹೋಗಿ ಅದು ಇಲಿನೇ ಬಿಟ್ಬಿಡ್ತು. ನಾವೂ ಮೂಲ ತೆಗೆದು ನೋಡ್ಲಿಲ್ಲ. ತಪ್ಪು ನಮ್ದು."

ಪುಟ್ಟಮಾದು ಆ ಆಪನ್ನೇ ಕಿತ್ತು ಬಿಸಾಕಿ ಎಂದ. ಆಪ್ ಹೋದರೂ ಫೋನಿನ ಸಂದೇಶಗಳು ಬರುತ್ತಲೇ ಇರುತ್ತವೆ, ಆಗ ಜನ ಯಾರನ್ನು ಕೇಳಬೇಕು ಎಂದು ನೀಲಾವತಿ ಅಂದಳು. ಮರಿತಾಯಮ್ಮ ನಯನಾಳ ಕಡೆ ತಿರುಗಿದಳು.

"ಯಾರ್ ಮ್ಯಾಲ ನೋಡುದ್ರು ಅನ್ನದ ಮೊದ್ಲು ಏಳ್ಲಿ ಕಣವ್ವ. ನನ್ನಂತೋರು ಅದ್ರಲ್ಲಿ ಇದ್ರಾ, ಇಲ್ವಾ? ವಯಸ್ಸಾದೋರು, ಕೂಲಿ ಮಾಡೋರು, ಸಕ್ಕರ ಇರೋರು. ಅಷ್ಟ್ ಗೊತ್ತಾದ್ರ ಸಾಕು, ಮಿಕ್ಕುದ್ದು ನಾವೇ ಡಾಕ್ಟರಮ್ಮುನ್ನ ಕೇಳ್ತೀವಿ."

ನಯನಾ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡಳು.

ಆಪನ್ನು ತಿದ್ದಲು ಮೂರು ತಿಂಗಳು ಹಿಡಿಯಿತು. ನಾಲ್ಕು ಸಾಲಿನ ಕಟ್ಟುಪಾಡನ್ನು ತೆಗೆದುಹಾಕಿದರು. ಮೊದಲ ಸಾಲು ಯಾರ ಮೇಲೆ ಪರೀಕ್ಷೆ ನಡೆಯಿತು ಎಂಬುದು, ಆಮೇಲೆ ಎಷ್ಟು ಜನ, ಯಾವ ವಯಸ್ಸಿನವರು ಎಂಬುದು. ಪ್ರಾಣಿಗಳ ಮೇಲೆ ನಡೆದದ್ದಾದರೆ ಅದನ್ನೂ ಮೊದಲೇ ಹೇಳಿ, ಓದಲು ಬಾರದವರಿಗೂ ತಿಳಿಯಲೆಂದು ಫೋನೇ ಎಲ್ಲವನ್ನೂ ಗಟ್ಟಿಯಾಗಿ ಓದುವಂತೆ ಮಾಡಿದರು. ಏನು ಗೊತ್ತಿಲ್ಲವೋ ಅದಕ್ಕೂ ಒಂದು ಸಾಲು ಇಟ್ಟರು. ಎಐ ಬರೆದ ಪ್ರತಿ ಸಾರಾಂಶವನ್ನೂ ಒಬ್ಬ ವೈದ್ಯರು ಮೂಲದ ಜೊತೆ ಹೋಲಿಸಿ ಒಪ್ಪಿದ ಮೇಲೆಯೇ ಹೊರಗೆ ಬಿಡುವುದು ಎಂದಾಯಿತು. ಇದರಿಂದ ಕೆಲಸ ನಿಧಾನವಾಯಿತು. ಆಗಲಿ ಎಂದಳು ನಯನಾ.

ಅದಾದ ಮೇಲೆ ಒಂದು ಮಂಗಳವಾರ ಸಂಘದಲ್ಲಿ ಮತ್ತೆ ಆಪ್ ತೆರೆದರು. ಅಂದು ಪುಟ್ಟಮಾದುವೂ ಬಂದು ಬಾಗಿಲ ಬಳಿ ನಿಂತಿದ್ದ. ನೀಲಾವತಿ ಮೊದಲು, ಹಿಂದೆ ತಾನು ಮಾಡಿದ ತಪ್ಪನ್ನು ಎಲ್ಲರ ಮುಂದೆ ಹೇಳಿದಳು. ಇಂಥ ಬರಹ ಓದಿ ಯಾರೂ ತಮ್ಮಷ್ಟಕ್ಕೆ ಮಾತ್ರೆ ಬಿಡಬಾರದು ಎಂದಳು. ಆಮೇಲೆ ಪುಟ್ಟಮಾದು ತನ್ನ ಮಂಡಿನೋವಿಗೆ ಒಬ್ಬರು ಹೇಳಿದ ಎಣ್ಣೆಯ ವಿಷಯ ಕೇಳಿದ. ವೈದ್ಯರು ಆಗಲೇ ಒಪ್ಪಿದ್ದ ಸಾರಾಂಶವನ್ನು ಫೋನು ಹೇಳಿತು: ಇದನ್ನು ಮೂವತ್ತೆರಡು ಜನರ ಮೇಲೆ ನೋಡಿದ್ದಾರೆ. ಎಲ್ಲರೂ ನಲವತ್ತರ ಒಳಗಿನವರು. ವಯಸ್ಸಾದವರಿಗೆ ಉಪಯೋಗವಾಗುತ್ತದೆಯೇ ಎಂಬುದು ಗೊತ್ತಿಲ್ಲ. ಡಾಕ್ಟರನ್ನು ಕೇಳಿ.

ಪುಟ್ಟಮಾದು ಹೆಂಗಸರ ನಡುವೆ ಕೂತಿದ್ದ ಹೆಂಡತಿಯ ಕಡೆ ತಿರುಗಿದ.

"ಗೊತ್ತಿಲ್ಲ ಅಂತ ಅದೇ ಏಳ್ತಾ ಅದಲ್ಲ," ಎಂದ. "ಅಂಗಾದ್ರ ನಂಬ್‌ಬೋದು. ನಾಳ ಆಸ್ಪತ್ರಗ ಓಗನ ನಡಿ, ಮರಿತಾಯಿ. ನಿಂದೂ ಸಕ್ಕರ ನೋಡುಸ್ಕಂಡು ಬರನ."

ಓದುವ, ಕೇಳುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಫೋನಿಗೂ ಇಂಥ ಮಾತುಗಳು ಬರುತ್ತವೆ. ಸಂಶೋಧನೆ ಹೇಳಿದೆ ಎಂದ ಕೂಡಲೇ ಒಪ್ಪಬೇಡಿ, ಸುಳ್ಳು ಎಂದು ತಳ್ಳಲೂ ಬೇಡಿ. ಯಾರ ಮೇಲೆ ನೋಡಿದರು, ಎಷ್ಟು ಜನರ ಮೇಲೆ ನೋಡಿದರು, ಅವರಲ್ಲಿ ನನ್ನಂಥವರು ಇದ್ದರೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಹೇಳಿದ್ದು ಮನುಷ್ಯರಾಗಲಿ, ಎಐ ಆಗಲಿ, ನಿಮ್ಮ ಮಾತ್ರೆ ಬಿಡುವ ಮೊದಲು, ಬದಲಿಸುವ ಮೊದಲು ಡಾಕ್ಟರನ್ನು ಕಾಣಿ. ಸಕ್ಕರೆ ಕಾಯಿಲೆ ಇದ್ದರೆ ಇವತ್ತೇ ಒಮ್ಮೆ ನಿಮ್ಮ ಎರಡೂ ಪಾದಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ. ಗಾಯವಿದ್ದರೆ, ನೋವಿಲ್ಲವೆಂದು ಕಾಯಬೇಡಿ.