ಪ್ಯಾಡಿನವರೆಗೆ ಮಾತ್ರ

ನಾನು ಒಂದು ಕ್ಯಾಮೆರಾ. ಆದರೆ ನನ್ನ ಮುಂದೆ ನಿಂತು ನೀವು ನಕ್ಕರೆ ಫೋಟೋ ಬರುವುದಿಲ್ಲ. ನನ್ನನ್ನು ಮಾಡಿದ್ದು ಮುಖ ನೋಡಲಿಕ್ಕಲ್ಲ, ಓಡುವ ವಸ್ತುಗಳನ್ನು ನೋಡಲಿಕ್ಕೆ. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದ ಒಬ್ಬ ಬಿಸ್ಕತ್ತು ತಯಾರಿಸುವಲ್ಲಿಗೆ ಹೋದ. ಪಟ್ಟಿಯ ಮೇಲೆ ಸಾಗುವ ಬಿಸ್ಕತ್ತುಗಳಲ್ಲಿ ಮುರಿದದ್ದು ಯಾವುದೆಂದು ಹೇಳುವುದು ಅವನ ಕೆಲಸ. ಇನ್ನೊಬ್ಬ ಹೆದ್ದಾರಿಯ ಕಂಬ ಹತ್ತಿ ಲಾರಿಗಳ ನಂಬರ್ ಪ್ಲೇಟ್ ಓದುತ್ತಾನಂತೆ. ನಾನು ಕ್ರಿಕೆಟ್ಟಿಗೆ ಬಂದೆ. ಆಟದ ಮೇಲೆ ಪ್ರೀತಿಯಿಂದ ಬಂದೆ ಎಂದು ತಿಳಿಯಬೇಡಿ. ಯಾರು ಕೊಂಡರೋ ಅವರ ಜೊತೆ ಹೋದೆ.

ಮೊದಲು ಕೊಂಡದ್ದು ಒಂದು ದೊಡ್ಡ ಕಂಪನಿ. ದೊಡ್ಡ ದೊಡ್ಡ ಕ್ರೀಡಾಂಗಣಗಳ ಚಾವಣಿಗೆ ನಮ್ಮನ್ನು ಬಿಗಿಯುತ್ತಿದ್ದರು. ನಾವು ಆರು ಮಂದಿ. ನನ್ನ ಹೊಟ್ಟೆಯ ಮೇಲೆ ಮಾರ್ಕರಿನಲ್ಲಿ ನಾಲ್ಕು ಎಂದು ಬರೆದರು; ಅದೇ ನನ್ನ ಹೆಸರಾಯಿತು. ಬೌಲರಿನ ಕೈಯಿಂದ ಹೊರಟ ಕ್ಷಣದಿಂದ ಚೆಂಡು ಬ್ಯಾಟ್ಸ್‌ಮನ್ನಿನ ಪ್ಯಾಡಿಗೆ ಬಡಿಯುವವರೆಗೆ ನಾವು ಅದನ್ನು ಬಿಡದೆ ನೋಡುತ್ತಿದ್ದೆವು. ಬಡಿದ ಮೇಲೆ? ಬಡಿದ ಮೇಲೆ ಚೆಂಡು ಎಲ್ಲಿಗೂ ಹೋಗುತ್ತಿರಲಿಲ್ಲ. ಅಲ್ಲೇ ನೆಲಕ್ಕೆ ಬೀಳುತ್ತಿತ್ತು. ಆದರೆ ಪರದೆಯ ಮೇಲೆ ಅದು ಪ್ಯಾಡನ್ನು ತೂರಿಕೊಂಡು ಮುಂದೆ ಸಾಗಿ ವಿಕೆಟ್ ಉರುಳಿಸುತ್ತಿತ್ತು. ಸಾವಿರಾರು ಜನ ಒಟ್ಟಿಗೆ ಕೂಗುತ್ತಿದ್ದರು. ಅವರು ಕೂಗುತ್ತಿದ್ದುದು ನಾನು ನೋಡಿರದ ತುಂಡಿಗೆ.

ಒಮ್ಮೆ ನಮ್ಮ ಎಂಜಿನಿಯರ್, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹೇಳಿಕೊಡುತ್ತಿದ್ದ: ‘ಪ್ಯಾಡ್ ತನಕ ಕಂಡಿದ್ದು. ಅಲ್ಲಿಂದಾಚೆ ಊಹೆ. ಆದ್ರೆ ಊಹೆ ಅಂತ ಯಾರ ಹತ್ರನೂ ಹೇಳ್ಬೇಡಮ್ಮ, ಲೆಕ್ಕ ಅಂತ ಹೇಳು.’

ಲೆಕ್ಕ ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಏಕೆಂದರೆ ನಾವು ಆರು ಮಂದಿ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಗಾಳಿಗೆ ನಾನು ಕೂದಲೆಳೆಯಷ್ಟು ಅಲುಗಿದರೆ ಉಳಿದ ಐವರು ಕೂಡಲೇ ದೂರು ಹೇಳುತ್ತಿದ್ದರು. ಎಂಜಿನಿಯರ್ ಓಡಿಬಂದು ಸರಿಮಾಡುತ್ತಿದ್ದ. ತೀರಾ ಅಂಚಿನ ಪ್ರಸಂಗ ಬಂದರೆ ಯಂತ್ರವೇ ಸುಮ್ಮನಾಗಿ, ಅಂಪೈರ್ ಹೇಳಿದ್ದೇ ಇರಲಿ ಎನ್ನುತ್ತಿತ್ತು. ಜನ ನಮ್ಮನ್ನು ನಂಬುತ್ತಿದ್ದರು. ನಾವು ಯಾರನ್ನೂ ನಂಬುತ್ತಿರಲಿಲ್ಲ. ಕೆಲಸ ನಡೆಯುತ್ತಿದ್ದುದು ಹೀಗೆ.

ಹೊಸ ಕ್ಯಾಮೆರಾಗಳು ಬಂದವು. ನಮ್ಮನ್ನು ಹಳೆಯ ಸಾಮಾನಿನ ಜೊತೆ ಮಾರಿದರು. ನನ್ನನ್ನೂ ಎರಡನೇ ನಂಬರಿನವನನ್ನೂ ಕೊಂಡವನು ಗದಗಿನ ಮುತ್ತಣ್ಣ ಬಣಗಾರ. ಮದುವೆ ವಿಡಿಯೋ ಮಾಡುವವನು. ಡ್ರೋನ್, ಎಲ್‌ಇಡಿ ಪರದೆ, ಹೊಗೆ ಬಿಡುವ ಯಂತ್ರ ಎಲ್ಲ ಇಟ್ಟಿದ್ದ. ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ನಕಲು ತಂದು ನಮ್ಮಿಬ್ಬರಿಗೆ ಜೋಡಿಸಿದ. ಊರಿನಲ್ಲಿ ನಡೆಯುವ ಟಿ-ಟ್ವೆಂಟಿ ಟೂರ್ನಮೆಂಟಿನವರಿಗೆ ಅವನು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ:

‘ಟಿವ್ಯಾಗ ಬರ್ತೈತಲ್ರಿ, ಹಂಗ ಮಾಡಿ ಕೊಡ್ತೀನಿ. ಅಂಪೈರ್ಸ್ ಕಾಲ್ ಅಂತ ಮಧ್ಯದ್ದು ಬರ್ತೈತಿ, ಅದನ್ನ ಬಂದ್ ಮಾಡೇನಿ. ಔಟಂದ್ರ ಔಟು, ಇಲ್ಲಂದ್ರ ಇಲ್ಲ. ಜನಕ್ಕ ಬೇಕಾಗಿದ್ದು ಅದರೀ.’

ಅನುಮಾನದ ಸ್ವಿಚ್ಚನ್ನೇ ಅವನು ಬಂದ್ ಮಾಡಿಬಿಟ್ಟಿದ್ದ. ಆರು ಕಣ್ಣಿದ್ದ ಕಡೆ ಈಗ ಎರಡು. ಇಬ್ಬರ ಮಾತು ತಾಳೆಯಾಗದಿದ್ದರೆ ಯಾರು ಸುಳ್ಳು ಎಂದು ಹೇಳಲು ಮೂರನೆಯವನಿಲ್ಲ.

ಎರಡನೇ ನಂಬರಿನವನನ್ನು ಮೈದಾನದ ಪಕ್ಕದ ಕಾಲೇಜು ಕಟ್ಟಡದ ಸಿಮೆಂಟ್ ಗೋಡೆಗೆ ಬಿಗಿದರು. ನನ್ನನ್ನು ಬೌಲರ್ ಓಡಿಬರುವ ದಿಕ್ಕಿನಲ್ಲಿ, ಒಂದು ಕಬ್ಬಿಣದ ಕಂಬದ ತುದಿಗೆ ಕೂರಿಸಿದರು. ನನ್ನ ಕೆಳಗೆ, ಪಿಚ್ಚಿನ ಈ ತುದಿಯಲ್ಲಿ, ಅಂಪೈರ್ ಗುರುಸಿದ್ದಪ್ಪ ಹೂಗಾರ ನಿಲ್ಲುತ್ತಿದ್ದರು. ಮೇಲಿಂದ ನನಗೆ ಕಾಣುತ್ತಿದ್ದುದು ಅವರ ಬಿಳಿ ಟೋಪಿ, ಅಗಲ ಬೆನ್ನು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವರ ನೌಕರಿ. ಅಂಪೈರಿಂಗ್ ರಜೆಯ ದಿನದ ಕೆಲಸ. ಸೀಟಿನ ಕೆಳಗೆ ಏನೋ ಅಡಗಿಸಿಟ್ಟಿದ್ದಾರೆ ಎಂಬಂತೆ ಮಂಡಿಯ ಮೇಲೆ ಕೈಯೂರಿ ಬಗ್ಗಿ ನೋಡುತ್ತಿದ್ದರು.

ಈ ಸಲ ಅವರಿಗೆ ಒಂದು ಆಸೆಯಿತ್ತು. ಬೆಂಗಳೂರಿನಿಂದ ನರಹರಿ ರಾವ್ ಎಂಬ ಹಿರಿಯ ಅಂಪೈರ್ ವೀಕ್ಷಕರಾಗಿ ಬಂದಿದ್ದರು. ಅವರು ಒಪ್ಪಿದರೆ ಗುರುಸಿದ್ದಪ್ಪನವರು ಜಿಲ್ಲೆಯಿಂದ ರಾಜ್ಯದ ಅಂಪೈರ್‌ಗಳ ತಂಡಕ್ಕೆ ಏರುತ್ತಿದ್ದರು. ವಯಸ್ಸಿನ ಮಿತಿ ಎದುರಿಗಿತ್ತು. ಇದು ಅವರ ಕೊನೆಯ ಅವಕಾಶ.

ಸೆಮಿಫೈನಲ್ ದಿನ ಮಧ್ಯಾಹ್ನ ನನ್ನ ಕಂಬಕ್ಕೆ ಏಣಿ ಹಾಕಿದರು. ಮರುದಿನ ಊರಿನ ಒಬ್ಬ ಮುಖಂಡರ ಹುಟ್ಟುಹಬ್ಬ. ಗದಗ ತಂಡದ ಮಾಲೀಕರೂ ಅವರೇ. ಅವರ ಆಳೆತ್ತರದ ಮುಖವಿದ್ದ ಫ್ಲೆಕ್ಸನ್ನು ನನ್ನ ಕತ್ತಿನ ಕೆಳಗೆ ಬಿಗಿದು ಕಟ್ಟಿದರು. ಗದಗ ಗಾಳಿಯ ಊರು. ಹೊತ್ತು ವಾಲಿದಂತೆ ಫ್ಲೆಕ್ಸಿನ ಹೊಟ್ಟೆ ಉಬ್ಬಿತು. ಪಿಚ್ಚಿನ ಬಿಳಿ ಗೆರೆ ನನ್ನ ಕಣ್ಣಿನಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ನೆಲ ಸರಿಯಿತೋ ನಾನು ಸರಿದೆನೋ, ಕಂಬದ ಮೇಲಿದ್ದವನಿಗೆ ಹೇಗೆ ಗೊತ್ತಾಗಬೇಕು? ಗೋಡೆಯ ಮೇಲಿದ್ದವನು ಒಂದು ಹೇಳಿದ, ನಾನು ಒಂದು ಹೇಳಿದೆ. ಸಾಫ್ಟ್‌ವೇರ್ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಕೊಟ್ಟಿತು. ಮುತ್ತಣ್ಣ ಅದನ್ನು ಒತ್ತಿ ಮುಚ್ಚಿದ.

ಅಂದು ಗುರುಸಿದ್ದಪ್ಪನವರ ಮೂರು ತೀರ್ಪುಗಳು ತಿರುಗಿಬಿದ್ದವು. ಗದಗ ತಂಡದ ನಾಯಕ ಅಭಿನಂದನನನ್ನು ಎಲ್‌ಬಿಡಬ್ಲ್ಯೂ ಔಟ್ ಎಂದರು; ಚೆಂಡು ಲೆಗ್ ಸ್ಟಂಪಿನ ಹೊರಗೆ ಹೋಗುತ್ತಿತ್ತು ಎಂದಿತು ಪರದೆ. ಅವನ ಜೊತೆಗಾರನ ವಿಷಯದಲ್ಲೂ ಅದೇ ಆಯಿತು. ಎದುರಾಳಿಯ ಒಬ್ಬನಿಗೆ ನಾಟೌಟ್ ಕೊಟ್ಟರು. ಆಫ್ ಸ್ಟಂಪಿನ ಆಚೆ ಹೋಗಬೇಕಾದ ಚೆಂಡನ್ನು ಪರದೆ ವಿಕೆಟ್ಟಿಗೇ ತಂದು ತಾಗಿಸಿತು. ಗದಗ ಗೆದ್ದಿತು. ಬೌಂಡರಿಯ ಆಚೆಯಿಂದ ಯಾರೋ ಕೂಗಿದರು: ‘ಏ ಚೆಕಿಂಗ್ ಸಾಹೇಬ್ರ, ಕೊಪ್ಪಳದವ್ರು ಏನ್ ಕೊಟ್ಟಾರ್ರೀ ನಿಮಗ?’ ಎದುರಾಳಿ ತಂಡ ಕೊಪ್ಪಳದ್ದೂ ಅಲ್ಲ. ಕೊಪ್ಪಳದವರು ಮರುದಿನದ ಫೈನಲ್ಲಿಗೆ ಬರಬೇಕಿತ್ತು. ಅನುಮಾನ ಅಷ್ಟೊಂದು ವಿಚಾರಿಸುವುದಿಲ್ಲ.

ಆಟ ಮುಗಿದ ಮೇಲೆ ಗುರುಸಿದ್ದಪ್ಪ ನನ್ನ ಕಂಬದ ಬುಡದಲ್ಲೇ ಮುತ್ತಣ್ಣನನ್ನು ಹಿಡಿದರು.

‘ಮುತ್ತಣ್ಣ, ನಾ ತಪ್ಪಿದ್ರ ಒಮ್ಮೆ ಆ ಕಡಿ ತಪ್ಪಬೇಕು, ಒಮ್ಮೆ ಈ ಕಡಿ ತಪ್ಪಬೇಕು. ಮೂರೂ ಲೆಗ್ ಕಡೇನ ಸರದಾವು. ಗಾಡಿ ಒಂದ ಕಡಿ ಎಳದ್ರ ಡ್ರೈವರಗ ಬೈಯಂಗಿಲ್ಲಪಾ, ಗಾಲಿ ನೋಡ್ತಾರ.’

‘ಸರ್, ಇದು ಬಸ್ ಅಲ್ರೀ, ಕಂಪ್ಯೂಟರ್.’

‘ಹಂಗಾರ ನಾಳೆ ಮುಂಜಾನೆ ಖಾಲಿ ವಿಕೆಟ್ಟಿಗೆ ಒಗಸೂಣು. ಮೈದಾನದಾಗ ಬಡದಿದ್ದು ನಿನ್ನ ಕಂಪ್ಯೂಟರ್‌ನಾಗೂ ಬಡೀಬೇಕು.’

ಪರೀಕ್ಷೆ ನಡೆಯಿತು. ಕೊಪ್ಪಳದ ವೇಗಿ ಇಮ್ತಿಯಾಜ್ ಬಂದು, ಬ್ಯಾಟ್ಸ್‌ಮನ್ ಇಲ್ಲದ ವಿಕೆಟ್ಟಿಗೆ ಎಸೆದ. ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಫ್ಲೆಕ್ಸ್ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು, ಬಿಳಿ ಗೆರೆ ಇರಬೇಕಾದಲ್ಲೇ ಇತ್ತು. ಚೆಂಡು ಬಡಿದಾಗಲೆಲ್ಲ ಪರದೆಯಲ್ಲೂ ಬಡಿಯಿತು, ತಪ್ಪಿದಾಗ ತಪ್ಪಿತು. ನರಹರಿ ರಾವ್ ತಲೆಯಾಡಿಸಿ ಒಳಗೆ ಹೋದರು. ಅಭಿನಂದನ ಚಪ್ಪಾಳೆ ತಟ್ಟಿದ.

‘ಟಿಕೆಟ್ ಎಲ್ಲಾ ಕರೆಕ್ಟ್ ಅದಾವೇನ್ರಿ ಸಾಹೇಬ್ರ? ಇಳಿಯೂಣೇನ್ರಿ ನಾವು?’

ಎಲ್ಲರೂ ನಕ್ಕರು. ಗುರುಸಿದ್ದಪ್ಪ ಟೋಪಿ ತೆಗೆದು, ಒಳಗಿನ ಬೆವರು ಒರೆಸಿ, ಮತ್ತೆ ಹಾಕಿಕೊಂಡರು. ಅವರ ಮುಖ ನನಗೆ ಪೂರ್ತಿ ಕಂಡದ್ದು ಆಗಲೇ. ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂದ ಮನುಷ್ಯನ ಮುಖ ಅದು.

ಫೈನಲ್ ಮಧ್ಯಾಹ್ನಕ್ಕೆ. ಗಾಳಿಯೂ ಮಧ್ಯಾಹ್ನಕ್ಕೇ. ಗದಗ ತಂಡ ಎರಡನೆಯದಾಗಿ ಬ್ಯಾಟ್ ಹಿಡಿಯುವ ಹೊತ್ತಿಗೆ ಫ್ಲೆಕ್ಸಿನ ಮೇಲಿನ ಮುಖಂಡರ ಕೆನ್ನೆ ಉಬ್ಬಿ, ಕಂಬ ವಾಲಿತ್ತು. ಅಭಿನಂದನ ಚೆನ್ನಾಗಿಯೇ ಆಡುತ್ತಿದ್ದ. ಅವನು ನಿಂತರೆ ಕಪ್ ಗದಗಿಗೆ, ಬಿದ್ದರೆ ಕೊಪ್ಪಳಕ್ಕೆ, ಹಾಗಿತ್ತು ಆಟ. ಆಗ ಇಮ್ತಿಯಾಜ್ ಒಂದು ಚೆಂಡನ್ನು ಅವನ ಕಾಲಿನ ಹಿಂದಿನಿಂದ ನುಗ್ಗಿಸಿದ. ಲೆಗ್ ಸ್ಟಂಪ್ ಕಿತ್ತು, ಉರುಳಿ, ಕೀಪರಿನ ಕಾಲಬಳಿ ಹೋಗಿ ಬಿತ್ತು.

ಬೌಲ್ಡ್. ಇದಕ್ಕೆ ನಾವು ಬೇಕಾಗಿರಲಿಲ್ಲ. ಅಭಿನಂದನ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಹೊರಟಿದ್ದ. ಆದರೆ ಮುತ್ತಣ್ಣ ಮದುವೆ ಮನೆಯವನು. ತಾಳಿ ಕಟ್ಟುವುದನ್ನು ಮೂರು ಸಲ ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ವಿಕೆಟ್ ಬಿದ್ದಾಗಲೆಲ್ಲ ಚೆಂಡಿನ ದಾರಿಯನ್ನು ಎಲ್‌ಇಡಿ ಪರದೆಯ ಮೇಲೆ ಬಿಡುತ್ತಿದ್ದ. ಈಗಲೂ ಬಿಟ್ಟ. ನೆಲದ ಮೇಲೆ ಸ್ಟಂಪ್ ಬಿದ್ದಿತ್ತು. ಪರದೆಯ ಮೇಲೆ ಅದೇ ಸ್ಟಂಪ್ ನೆಟ್ಟಗೆ ನಿಂತಿತ್ತು. ಚೆಂಡು ಅದರ ಪಕ್ಕದಿಂದ ಹಾದುಹೋಯಿತು.

ಯಾರಾದರೂ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಅಭಿನಂದನ ನಿಂತ, ಹಿಂದಿರುಗಿ ಬಂದ.

‘ನಾ ಹೋಗಂಗಿಲ್ಲ. ಸ್ಕ್ರೀನ್ ನೋಡ್ರಿ, ಬಡದಿಲ್ಲ.’

‘ಏ ಹುಚ್ಚಪ್ಪ, ಸ್ಟಂಪ್ ಬಿದ್ದೈತಲೇ!’ ಎಂದ ಇಮ್ತಿಯಾಜ್.

‘ನಿಮ್ಮ ಕೀಪರ್ ಕೈ ಬಡದು ಬಿದ್ದೈತಿ. ರಿವ್ಯೂ ಕೊಡ್ರಿ.’

ಜನ ಅವನ ಪರವಾಗಿ ಕೂಗಿದರು. ಸ್ಟಂಪನ್ನು ಅವರೂ ನೋಡಿದ್ದರು. ಆದರೆ ನಿನ್ನೆಯಿಂದ ಪರದೆ ಗದಗಿನ ಕಡೆಗಿತ್ತು.

ರಿವ್ಯೂ ನೋಡಿ ಹೇಳುವವರೂ ನರಹರಿ ರಾವ್ ಅವರೇ; ಅವರು ಇದ್ದದ್ದು ಕಾಲೇಜಿನ ಒಂದು ಕೋಣೆಯಲ್ಲಿ. ಬಿಸಿಲಿಗೆ ಪರದೆ ಮಂಕಾಗಿ ಕಾಣುತ್ತದೆಂದು ಕಿಟಕಿಗೆ ಕರ್ಟನ್ ಎಳೆದಿದ್ದರು. ಅಲ್ಲಿ ನಡೆದದ್ದನ್ನು ಮುತ್ತಣ್ಣ ಮುಂದೆ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅದರಲ್ಲಿ ಸ್ವಲ್ಪ ಕಳೆದು ಉಳಿದದ್ದನ್ನು ನಂಬಿದ್ದೇನೆ. ವಾಕಿಟಾಕಿಯಲ್ಲಿ ಅವರು ಹೇಳಿದರಂತೆ: ‘ಗುರುಸಿದ್ದಪ್ಪ, ಇಲ್ಲಿ ಮಿಸ್ಸಿಂಗ್ ತೋರಿಸ್ತಾ ಇದೆಯಲ್ರೀ.’

ಗುರುಸಿದ್ದಪ್ಪ ಕೊಟ್ಟ ಉತ್ತರವನ್ನು ನಾನೇ ಕೇಳಿದೆ.

‘ಸರ್, ಒಮ್ಮೆ ಕರ್ಟನ್ ಸರಸ್ರಿ.’

ಕಿಟಕಿ ತೆರೆಯಿತು. ಆಟದ ವೀಕ್ಷಕರು ಎರಡು ದಿನಗಳಲ್ಲಿ ಮೊದಲ ಬಾರಿಗೆ ಆಟದ ಕಡೆ ತಲೆ ಹಾಕಿದರು. ಬಿದ್ದ ಸ್ಟಂಪ್ ನೋಡಿದರು. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದರು. ನನ್ನ ಕೆಳಗೆ ಉಬ್ಬಿ ಕುಣಿಯುತ್ತಿದ್ದ ಮುಖವನ್ನೂ ವಾಲಿದ ಕಂಬವನ್ನೂ ನೋಡಿದರು.

‘ಆ ಬ್ಯಾನರ್ ಯಾರ್ರೀ ಅಲ್ಲಿ ಕಟ್ಟಿದ್ದು? ಬಿಚ್ಚಿಸಿ ಮೊದ್ಲು.’

ಟೂರ್ನಮೆಂಟಿನವರು ಒಬ್ಬರ ಮುಖ ಒಬ್ಬರು ನೋಡಿದರು. ‘ಸರ್, ಇವತ್ತ ಸಾಹೇಬ್ರ ಬರ್ತ್‌ಡೇ ಐತ್ರಿ...’

ಫ್ಲೆಕ್ಸ್ ಬಿಚ್ಚಲು ಯಾರಿಗೂ ಧೈರ್ಯ ಬರಲಿಲ್ಲ. ನನ್ನ ತಂತಿಯನ್ನು ಕಿತ್ತರು. ಅದಕ್ಕೆ ಧೈರ್ಯ ಬೇಕಾಗಿರಲಿಲ್ಲ. ಗುರುಸಿದ್ದಪ್ಪ ಬೆರಳೆತ್ತಿ, ಅಭಿನಂದನ ಹೋಗುವವರೆಗೂ ಎತ್ತಿಯೇ ನಿಂತಿದ್ದರು. ಕೊಪ್ಪಳ ಗೆದ್ದಿತು.

ಸಂಜೆ ನನ್ನನ್ನು ಇಳಿಸಿ ಮೆಟ್ಟಿಲ ಮೇಲಿಟ್ಟಿದ್ದರು. ಅಲ್ಲಿಗೆ ಗುರುಸಿದ್ದಪ್ಪ, ನರಹರಿ ರಾವ್ ಇಬ್ಬರೂ ಬಂದರು.

‘ನಿನ್ನೆ ಮೂರೂ ನೀವೇ ಸರಿ ಇದ್ರಿ ಅನ್ಸುತ್ತೆ,’ ಎಂದರು ನರಹರಿ ರಾವ್.

‘ಅನಸೂದಲ್ರೀ ಸರ್. ಬರ್ದ್ ಕಳಸ್ರಿ.’

‘ನಿನ್ನೆ ರಿಪೋರ್ಟ್ ನಿನ್ನೆನೇ ಹೋಗ್ಬಿಡ್ತು.’

‘ತಿದ್ದಬಹುದಲ್ರಿ?’

‘ತಿದ್ದಿದ್ರೆ ನನ್ನ ಮೇಲೆ ಅನುಮಾನ ಬರುತ್ತೆ, ಗುರುಸಿದ್ದಪ್ಪ. ನೀವು ನನಗೆ ಆತಿಥ್ಯ ಚೆನ್ನಾಗಿ ಮಾಡಿರ್ಬೇಕು ಅಂತಾರೆ.’

ಗುರುಸಿದ್ದಪ್ಪ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದರು. ರಾಜ್ಯದ ತಂಡಕ್ಕೆ ಬೇರೆ ಯಾರೋ ಹೋದರು.

ಮುತ್ತಣ್ಣನನ್ನು ಆಮೇಲೆ ಯಾರೂ ಕ್ರಿಕೆಟ್ಟಿಗೆ ಕರೆಯಲಿಲ್ಲ. ಎರಡನೇ ನಂಬರಿನವನನ್ನು ಬಿಚ್ಚಿ ಬಿಡಿಭಾಗ ಮಾಡಿದ. ನನ್ನನ್ನು ಅಂಗಡಿಯ ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿದ. ಕೆಳಗೆ ಒಂದು ಹಲಗೆ: ‘ಕ್ಯಾಮೆರಾ ನಿಮ್ಮನ್ನು ಗಮನಿಸುತ್ತಿದೆ.’ ನನಗೆ ತಂತಿಯಿಲ್ಲ. ನಾನು ನೋಡುತ್ತೇನೆ, ನನ್ನ ಬೆನ್ನ ಹಿಂದೆ ನೋಡುವವರಿಲ್ಲ. ಆದರೂ ಬಂದವರು ಒಮ್ಮೆ ಮೇಲೆ ನೋಡಿ ನೆಟ್ಟಗೆ ನಿಲ್ಲುತ್ತಾರೆ. ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೂ ನನಗೆ ಇಷ್ಟು ಮರ್ಯಾದೆ ಇರಲಿಲ್ಲ.

ಮೊನ್ನೆ ಒಬ್ಬ ಯುವಕ ಪಾಸ್‌ಪೋರ್ಟ್ ಅಳತೆಯ ಫೋಟೋ ಒಯ್ಯಲು ಬಂದಿದ್ದ. ಮುತ್ತಣ್ಣ ಬೆನ್ನು ತಿರುಗಿಸಿ ಫೋಟೋ ಕತ್ತರಿಸುತ್ತಿದ್ದ. ಹಣದ ಗಲ್ಲೆಯ ಪಕ್ಕದಲ್ಲಿ ಪೆನ್‌ಡ್ರೈವ್‌ಗಳ ಡಬ್ಬಿ. ಯುವಕನ ಕೈ ಆ ಕಡೆ ಹೋಯಿತು. ಎದುರಿನ ಕನ್ನಡಿಯಲ್ಲಿ ಮುತ್ತಣ್ಣ ಅದನ್ನು ಕಂಡು ಗಕ್ಕನೆ ತಿರುಗಿದ. ಕೈ ಅರ್ಧದಲ್ಲೇ ನಿಂತಿತು.

‘ಕಳ್ಳ ಸೂಳೇಮಗನ! ಕ್ಯಾಮೆರಾದಾಗ ಎಲ್ಲಾ ಬಂದೈತಿ, ತೋರಸ್ಲೇನು? ಪೊಲೀಸರನ್ನ ಕರೀತೀನಿ ನಿಲ್ಲು.’

‘ಇಲ್ಲ ಅಣ್ಣಾರ... ರೇಟ್ ನೋಡಾಕತ್ತಿದ್ದೆ...’ ಎಂದ ಯುವಕ ನನ್ನನ್ನು ನೋಡಿದ. ಅವನ ಮುಖದ ಬಣ್ಣ ಇಳಿದಿತ್ತು.

ಬೆಂಚಿನ ಮೇಲೆ ಮಗಳ ಮದುವೆಯ ಆಲ್ಬಮ್ ತಿರುವುತ್ತ ಕುಳಿತಿದ್ದವರು ಎದ್ದುಬಂದರು. ಗುರುಸಿದ್ದಪ್ಪ. ಈಗ ಟೋಪಿಯಿರಲಿಲ್ಲ, ತಲೆ ಬೆಳ್ಳಗಾಗಿತ್ತು. ನನ್ನ ಕೆಳಗೆ ನಿಂತು ಮೇಲೆ ನೋಡಿದರು. ನನ್ನ ಮುಖ ನೋಡಲಿಲ್ಲ. ಕತ್ತು ಓರೆಮಾಡಿ ಬೆನ್ನು ನೋಡಿದರು. ಇಷ್ಟು ದಿನಗಳಲ್ಲಿ ನನ್ನ ಬೆನ್ನು ನೋಡಿದವರು ಅವರೊಬ್ಬರೇ.

‘ಮುತ್ತಣ್ಣ, ಇದರ ವೈರ್ ಎಲ್ಲೈತಿ?’

ಮುತ್ತಣ್ಣ ತಲೆ ಕೆರೆದ. ‘ಸುಮ್ನ ಕುಂದ್ರಿಸೇನ್ರಿ ಸರ್. ಜನಕ್ಕ ಅಂಜಿಕಿ ಇರ್ಲಿ ಅಂತ.’

‘ಅವನ ಕೈ ಎಲ್ಲಿ ಮಟಾ ಹೋಗಿತ್ತು?’

‘ಇಲ್ಲಿ ಮಟಾ ರೀ. ಡಬ್ಬಿ ಹತ್ರ.’

‘ಹಂಗಾರ ಅಲ್ಲೀಮಟಾನ ಹೇಳು.’

ಕತ್ತರಿಸಿದ್ದ ಫೋಟೋಗಳನ್ನು ತಾವೇ ಎತ್ತಿ ಯುವಕನ ಕೈಗಿಟ್ಟರು. ಅವನು ಹಿಂದೆ ನೋಡದೆ ಹೋದ. ಗುರುಸಿದ್ದಪ್ಪ ಅವನ ಬೆನ್ನನ್ನು, ಬಸ್ಸಿಳಿದು ಹೋಗುವವನನ್ನು ನೋಡುವಂತೆ, ತಿರುವಿನವರೆಗೂ ನೋಡಿದರು. ಆಮೇಲೆ ಮತ್ತೆ ಆಲ್ಬಮ್ ತೆರೆದರು.

ಅವನು ಕದಿಯುತ್ತಿದ್ದನೆ? ಇರಬಹುದು. ಅವನ ಕೈ ನಿಂತಲ್ಲಿಯವರೆಗೆ ನಾನು ನೋಡಿದ್ದೇನೆ. ಅದರಾಚೆಯದನ್ನು ಕೇಳುವವರು ನನ್ನನ್ನು ಕೇಳಬೇಡಿ.