ಎರಡನೆಯ ನುಡಿ

ನಾನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿದ್ದ ವರ್ಷ, ನನ್ನ ಬೆಲೆಗೆ ಹಾಲು ಕೊಡುವ ಒಂದು ಆಡು ಬರುತ್ತಿತ್ತು. ಆಡು ಬೇಡವೆಂದರೆ ಎರಡು ಒಳ್ಳೆಯ ಸೀರೆ. ಅದೂ ಬೇಡವೆಂದರೆ ಸೋರುವ ಅಡುಗೆಮನೆಗೆ ಹೊಸ ತಗಡು. ಹುಬ್ಬಳ್ಳಿಯ ಇಮಾಮಸಾಬರ ಮನೆಗೆ ಈ ಮೂರೂ ಬೇಕಾಗಿದ್ದವು. ಅವರು ತಂದದ್ದು ನನ್ನನ್ನು.

ನಾನು ಒಂದು ಮೈಕು. ಹಾಡುವವರು ಕೈಯಲ್ಲಿ ಹಿಡಿಯುವ, ಬಾಲದಂತೆ ಹಿಂದೆ ವೈರು ಎಳೆದುಕೊಂಡು ತಿರುಗುವ ಮೈಕು. ದೂರದ ಊರಿನ ಕಾರ್ಖಾನೆಯಲ್ಲಿ, ಕಣ್ಣಿಗೆ ಭೂತಗಾಜು ಹಚ್ಚಿಕೊಂಡ ಒಬ್ಬ ಹೆಣ್ಣುಮಗಳು ಕೂದಲಿಗಿಂತ ಸಣ್ಣ ತಂತಿಯನ್ನು ಸುತ್ತಿ, ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳುವಾದ ಪರದೆಗೆ ಅಂಟಿಸಿದಳು. ಅದೇ ನನ್ನ ಜೀವ. ಮೇಲೆ ಕೂತ ಜಾಳಿಗೆಯ ತಲೆ, ಕೆಳಗಿನ ಕಬ್ಬಿಣದ ಮೈ, ಅವೆಲ್ಲ ಆ ಜೀವಕ್ಕೆ ಹೊದಿಸಿದ ಅಂಗಿ ಅಷ್ಟೆ. ಗದ್ದಲದಲ್ಲಿ ಹಾಡುವವರಿಗಾಗಿಯೇ ನನ್ನನ್ನು ಮಾಡಿದ್ದರು. ದೂರದ್ದು ನನಗೆ ಮಸುಕಾಗಿ ಕೇಳುತ್ತದೆ. ಬಾಯಿ ಹತ್ತಿರ ತಂದವರ ಮಾತನ್ನು ಮಾತ್ರ ಚೆನ್ನಾಗಿ ಹಿಡಿಯುತ್ತೇನೆ.

ಇಮಾಮಸಾಬರು ಆರ್ಕೆಸ್ಟ್ರಾ ನಡೆಸುತ್ತಿದ್ದರು. ತಾವೇ ಕೀಬೋರ್ಡ್ ನುಡಿಸುತ್ತಿದ್ದರು. ನನ್ನನ್ನು ಮನೆಗೆ ತಂದ ದಿನ ಅವರ ಹೆಂಡತಿ ಹಾಜರಾಬಿ ನನ್ನ ಕುತ್ತಿಗೆ ಹಿಡಿದು ಎತ್ತಿ ನೋಡಿದರು.

"ಇದು ಹಾಲ ಕೊಡತೈತೇನ್ರಿ?"

"ಕೊಡತೈತಿ. ಹಿಂಡೋ ಕೈ ಬೇಕು ಅಷ್ಟ."

ಆ ಮನೆಯ ಚಹಾಕ್ಕೆ ಹಾಲು ಬರುವಷ್ಟಂತೂ ನಾನು ದುಡಿದೆ. ತಗಡು ಮಾತ್ರ ಬಹಳ ತಡವಾಗಿ ಬಂತು.

ಮೈಕಿನ ಬದುಕು ಎಂದರೆ ಮನುಷ್ಯರನ್ನು ಗದ್ದದ ಕೆಳಗಿನಿಂದ ನೋಡುವ ಬದುಕು. ಯಾರ ಹಲ್ಲು ಹುಳುಕು, ಯಾರು ಎಲೆಯಡಿಕೆ ಹಾಕಿ ಬಂದರು, ಯಾರು ಉಣ್ಣದೆ ಬಂದರು, ಎಲ್ಲ ನನಗೆ ಗೊತ್ತಾಗುತ್ತಿತ್ತು. ಹಸಿದವರ ಉಸಿರು ಬೇರೆ. ಅದು ಸಾಲಿನ ಕೊನೆಯ ಅಕ್ಷರದ ತನಕ ಹೋಗುವುದಿಲ್ಲ. ಹಾಡುಗಾರರಲ್ಲಿ ಹಸಿದು ಬಂದವರೇ ಹೆಚ್ಚು, ಏಕೆಂದರೆ ಊಟ ಕೊಡುವುದು ಕಾರ್ಯಕ್ರಮ ಮುಗಿದ ಮೇಲೆ.

ಅವರಲ್ಲಿ ಒಬ್ಬ ವಸಂತ ಕಟ್ಟಿಮನಿ. ಹಗಲು ಟೇಲರ್ ಅಂಗಡಿಯಲ್ಲಿ ಗುಂಡಿ-ಕಾಜ ಹಾಕುತ್ತಿದ್ದ, ಸಂಜೆ ನನ್ನನ್ನು ಹಿಡಿಯುತ್ತಿದ್ದ. ಸಿನಿಮಾದಲ್ಲಿ ಹಾಡುವ ದೊಡ್ಡವರೊಬ್ಬರ ದನಿಯನ್ನು ಹಾಗೆಯೇ ತೆಗೆಯುತ್ತಿದ್ದುದರಿಂದ ಜನ ಅವನನ್ನು 'ಜೂನಿಯರ್' ಎಂದು ಕರೆಯುತ್ತಿದ್ದರು. ಪೋಸ್ಟರಿನಲ್ಲಿಯೂ ಅದೇ ಇರುತ್ತಿತ್ತು. ಗಂಟಲು ಅವನದು, ಹೆಸರು ಬೇರೆಯವರದು. ಅವನ ನಿಜವಾದ ಹೆಸರು ಗೊತ್ತಿದ್ದದ್ದು ಇಮಾಮಸಾಬರಿಗೆ, ಟೇಲರ್ ಅಂಗಡಿಯವನಿಗೆ, ಮತ್ತು ನನಗೆ.

ವಸಂತನಿಗೆ ಒಂದು ರೂಢಿಯಿತ್ತು. ಮಧ್ಯಾಹ್ನ ಬಯಲಿನಲ್ಲಿ ಸ್ಟೇಜು ಕಟ್ಟಿ, ಪೆಟ್ಟಿಗೆಗಳನ್ನು ಜೋಡಿಸಿ, ಮೈಕು ಸರಿಯಿದೆಯೇ ಎಂದು ನೋಡುವಾಗ ಎಲ್ಲರೂ "ಹಲೋ, ಹಲೋ" ಎನ್ನುತ್ತಾರೆ. ವಸಂತ ಹಲೋ ಎನ್ನುತ್ತಿರಲಿಲ್ಲ. ತಾನೇ ಕಟ್ಟಿದ ಒಂದು ಹಾಡನ್ನು ಹಾಡುತ್ತಿದ್ದ.

*ಕಡೀ ಬಸ್ಸು ಹೋದ ಮ್ಯಾಲೆ ನಿಲ್ದಾಣದ ಬೇವಿನ ಗಿಡಕ*
*ಯಾರ ಕೂಡ ಮಾತು, ಯಾರ ದಾರಿ ನೋಡಬೇಕ...*

ಆ ಹೊತ್ತಿನಲ್ಲಿ ಅವನ ದನಿ ಯಾರ ಜೂನಿಯರ್ ದನಿಯೂ ಆಗಿರುತ್ತಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ನಾಚಿಕೆಯದು. ಕುರ್ಚಿ ಇಳಿಸುವ ಆಳುಗಳು, ಬಯಲಲ್ಲಿ ಮೇಯುವ ಎಮ್ಮೆಗಳು, ಇವರೇ ಕೇಳುವವರು. ಮೊದಲನೆಯ ನುಡಿ ಮುಗಿಯುವಷ್ಟರಲ್ಲಿ ಇಮಾಮಸಾಬರು ಕೈ ಎತ್ತುತ್ತಿದ್ದರು.

"ಬಂತು ಬಂತು, ದನಿ ಬಂತು. ಸಾಕು."

"ಚಾಚಾ, ಎರಡನೇ ನುಡಿ ಇನ್ನೂ ಚಂದ ಐತ್ರಿ."

"ಇರಲಿ ಬಿಡು, ಎಲ್ಲಿ ಓಡಿ ಹೊಕ್ಕೈತಿ?"

ಊರು ಬದಲಾದವು, ಬಯಲು ಬದಲಾದವು. ಹಾಡು ಮಾತ್ರ ಪ್ರತಿ ಸಲ ಅಲ್ಲೇ ನಿಂತಿತು.

ಒಂದು ಗಣೇಶನ ಹಬ್ಬದಲ್ಲಿ ವಸಂತ ಮನಸ್ಸು ಗಟ್ಟಿ ಮಾಡಿದ. ಜನ ತುಂಬಿದ್ದರು. ಅಂದು ಅವನ ಅಂಗೈ ಬೆವತು ನನ್ನ ಮೈಯೆಲ್ಲ ಒದ್ದೆಯಾಗಿತ್ತು. "ಈಗ ನನ್ನದೊಂದು ಹಾಡು," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇವಿನ ಗಿಡ ಶುರುವಾದ ಮೇಲೆ ಚಪ್ಪಾಳೆ ನಿಂತಿತು. ಮೊದಲ ನುಡಿ ಮುಗಿಯುತ್ತಲೇ ಮುಂದಿನ ಸಾಲಿನಿಂದ ಒಬ್ಬ ಕೂಗಿದ.

"ಏ ಜೂನಿಯರ್! ಗಿಡಾ ನಮ್ಮ ಹಿತ್ತಲದಾಗೂ ಐತಿ. ಸಿನಿಮಾದ್ದು ಹಾಡೋ!"

ನಗು ಎದ್ದಿತು. ಇಮಾಮಸಾಬರು ತಲೆ ತಗ್ಗಿಸಿ, ಆ ವರ್ಷ ಎಲ್ಲರ ಬಾಯಲ್ಲಿದ್ದ ಸಿನಿಮಾ ಹಾಡಿನ ಸ್ವರ ಎತ್ತಿದರು. ವಸಂತ ಅದಕ್ಕೆ ಸೇರಿಕೊಂಡ. ಬಯಲೆಲ್ಲ ಕುಣಿಯಿತು. ಅವನ ತುಟಿ ನಡುಗಿದ್ದು ನನಗೆ ಮಾತ್ರ ತಿಳಿಯಿತು.

ಆಮೇಲೆ ವೈರು ಸುತ್ತುತ್ತ ಇಮಾಮಸಾಬರು ಹೇಳಿದರು, "ತಮ್ಮಾ, ಕೇಳಿದ್ದು ಕೊಡೋದು ನಮ್ಮ ಅಂಗಡಿ. ನಿನ್ನ ಹಾಡು ಚಂದ ಐತಿ. ಆದ್ರ ಅದನ್ನ ಯಾರೂ ಕೇಳಿಲ್ಲ."

"ಹಾಡಿದ್ರ ಅಲ್ಲೇನ್ರಿ ಚಾಚಾ, ಕೇಳೋದು?"

ಇಮಾಮಸಾಬರು ಸುತ್ತಿದ ವೈರನ್ನು ಪೆಟ್ಟಿಗೆಗೆ ಹಾಕಿದರು. ಅವರನ್ನು ನಾನು ಬೈಯುವುದಿಲ್ಲ. ಹಬ್ಬದ ಕಮಿಟಿಯವರು ಮುಂದಿನ ವರ್ಷ ಕರೆಯದಿದ್ದರೆ ತಬಲಾದವನ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಆದರೆ ಅಂದಿನಿಂದ ವಸಂತನೂ ಎಲ್ಲರಂತೆ "ಹಲೋ, ಹಲೋ" ಎನ್ನತೊಡಗಿದ.

ಕಾಲ ಸರಿಯಿತು. ಹಾಡುವವರ ಜಾಗಕ್ಕೆ ಡಿಜೆ ಪೆಟ್ಟಿಗೆಗಳು ಬಂದವು. ಆರ್ಕೆಸ್ಟ್ರಾ ಮುಚ್ಚಿದ ದಿನ ಇಮಾಮಸಾಬರು ನನ್ನನ್ನು ವಸಂತನ ಕೈಗಿಟ್ಟು, "ನೀನ ಇಟ್ಕೋ. ಇದರಾಗ ನಿನ್ನ ಉಗುಳ ಭಾಳ ಐತಿ," ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ವಸಂತ ಆಗ ಶಾಮಿಯಾನಾದ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದ್ದ. ನಾನು ಅವನ ಹೊಲಿಗೆಯಂತ್ರದ ಖಾನೆಯಲ್ಲಿ ಗುಂಡಿ, ಸೂಜಿ, ಸೀಮೆಸುಣ್ಣದ ತುಂಡುಗಳ ನಡುವೆ ಎಷ್ಟೋ ವರ್ಷ ಮಲಗಿದೆ. ಮೇಲೆ ಯಂತ್ರ ಓಡುವುದು ಕೇಳುತ್ತಿತ್ತು. ಅದರ ಜೊತೆಗೆ ಅವನು ಗುನುಗುವುದು ಮಾತ್ರ ಎಂದೂ ಕೇಳಲಿಲ್ಲ.

ಒಂದು ದಿನ ಖಾನೆ ತೆರೆಯಿತು. ಎದುರಿಗೆ ಬನಹಟ್ಟಿಯಿಂದ ಬಂದ ಇಬ್ಬರು ಹರೆಯದವರು. ಮುರ್ತುಜಾ ಮೊಬೈಲು ರಿಪೇರಿಯವನು, ಫೋನಿನಲ್ಲಿ ನೋಡಿ ನೋಡಿ ಗಿಟಾರು ಕಲಿತವನು. ಜೊತೆಗಿದ್ದವಳು ಅವನೊಂದಿಗೆ ಶಾಲೆ ಕಲಿತ ದಾನಮ್ಮ ಹಟಗಾರ. ಅಪ್ಪನ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತ ತಾನೇ ಹಾಡು ಕಟ್ಟುವವಳು. ಹಳೆಯ ಮೈಕು ಯಾರ ಹತ್ತಿರವಿದೆ ಎಂದು ಹುಡುಕುತ್ತ ಬಂದಿದ್ದರು.

"ಎಷ್ಟು ಕೊಡಬೇಕ್ರಿ ಕಾಕಾ?" ಎಂದು ದಾನಮ್ಮ ಕೇಳಿದಳು.

"ಒಂದು ಹಾಡು ಕೊಡು. ನಿಂದ ಇರಬೇಕು ಮತ್ತ."

ಅವಳು ಹೊಲಿಗೆಯಂತ್ರದ ಪಕ್ಕದಲ್ಲೇ ನಿಂತು ಹಾಡಿದಳು.

*ಊರಿಗೆಲ್ಲ ಬಣ್ಣ ಸುತ್ತಿ ಕೊಟ್ಟಿ ಯವ್ವಾ,*
*ನಿನಗ್ಯಾವ ಬಣ್ಣ ಬೇಕ?*

ವಸಂತ ಕಣ್ಣು ಮುಚ್ಚಿ ಕೇಳಿದ. "ಎರಡನೇ ನುಡಿ?"

"ಇನ್ನೂ ಮಾಡಿಲ್ರಿ."

"ಮಾಡು. ಮಾಡಿದ ದಿನಾನ ಹಾಡಿಬಿಡು ತಂಗಿ. ಕೂಡಿಡಬ್ಯಾಡ. ಈ ಮೈಕಿನಾಗ ಬ್ಯಾರೇದವ್ರ ಹಾಡ ಭಾಳ ಆಗ್ಯಾವ."

ಹೀಗೆ ನಾನು ಬನಹಟ್ಟಿಗೆ ಬಂದೆ. ನೇಕಾರರ ಊರು. ಹಗಲೆಲ್ಲ ಓಣಿಯ ತುಂಬ ಮಗ್ಗದ ಸದ್ದು. ಮಾತಾಡಬೇಕಾದರೆ ಅಲ್ಲಿಯ ಜನ ಕಿವಿಯ ಹತ್ತಿರ ಬರುತ್ತಾರೆ, ಇಲ್ಲವೇ ಕೈಸನ್ನೆ ಮಾಡುತ್ತಾರೆ. ಅಂಥ ಕಡೆ ದಾನಮ್ಮನ ಹಾಡನ್ನು ಧ್ವನಿಮುದ್ರಿಸುವುದು ಹೇಗೆ? ಅದಕ್ಕೆ ಮುರ್ತುಜಾ ಒಂದು ಉಪಾಯ ಮಾಡಿದ. ಅವರ ಓಣಿಯಲ್ಲಿ ಅಮವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೆ ಆ ಒಂದು ದಿನ ಓಣಿ ಉಸಿರು ಬಿಗಿಹಿಡಿದಂತೆ ಸುಮ್ಮನಿರುತ್ತದೆ. ಹಾಡಿಗೆ ಅದೇ ದಿನ ಎಂದು ಗೊತ್ತು ಮಾಡಿದ.

ದಾನಮ್ಮನ ಅವ್ವ ಸಾವಂತ್ರೆವ್ವ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಕೊಟ್ಟಳು. ಮುರ್ತುಜಾ ಸದ್ದು ತಡೆಯಲೆಂದು ಅವನ್ನು ಶೆಡ್ಡಿನ ಗೋಡೆಗೆ ಸುತ್ತಲೂ ಕಟ್ಟಿದ. ಸಾವಂತ್ರೆವ್ವ ಒಳಗೆ ಇಣುಕಿ, "ಬಾಣಂತಿ ಕೋಲಿ ಮಾಡೀರಲ್ಲೋ! ಹುಟ್ಟೋ ಕೂಸು ಹೆಣ್ಣೋ ಗಂಡೋ?" ಎಂದಳು.

ಕೂಸು ಹುಟ್ಟಲಿಲ್ಲ. ಆ ಮೌನದಲ್ಲಿ ದಾನಮ್ಮನ ಹಾಡು ನಡುದಾರಿಯಲ್ಲೇ ತಾಳ ತಪ್ಪುತ್ತಿತ್ತು. ತನ್ನ ಉಸಿರು ತನಗೇ ಕೇಳಿ ಬೆಚ್ಚುತ್ತಿದ್ದಳು. ಮುಂದಿನ ಅಮವಾಸ್ಯೆಗೂ ಅದೇ, ಅದರ ಮುಂದಿನದಕ್ಕೂ ಅದೇ. ಅಷ್ಟರಲ್ಲಿ ಧಾರವಾಡದಿಂದ ಸುದ್ದಿ ಬಂತು: ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರದೊಂದು ಮೇಳ ನಡೆಯಲಿದೆ, ಹಾಡು ಮುದ್ರಿಸಿ ಕಳಿಸಿದವರಲ್ಲಿ ಆರಿಸಿ ಕರೆಯುತ್ತಾರೆ. ಕಳಿಸುವ ಗಡುವಿಗೆ ಮೊದಲು ಬರುವುದು ಒಂದೇ ಅಮವಾಸ್ಯೆ. ಅದು ತಪ್ಪಿದರೆ ಆ ವರ್ಷ ಇಲ್ಲ. ಆ ವರ್ಷ ಇಲ್ಲವೆಂದರೆ ಹಾಡು ಮೆಲ್ಲಗೆ ಖಾನೆ ಸೇರುತ್ತದೆ. ಅದು ಹೇಗೆ ಸೇರುತ್ತದೆ ಎಂಬುದನ್ನು ನಾನು ನೋಡಿದ್ದೆ.

ಆ ಅಮವಾಸ್ಯೆಯೂ ಕೆಟ್ಟಿತು. ಎರಡನೆಯ ನುಡಿಯ ನಡುವೆ ನಿಂತು, ದಾನಮ್ಮ ನನ್ನನ್ನು ನೆಲಕ್ಕಿಟ್ಟಳು.

"ನನ್ನ ಕೈಲೆ ಆಗಂಗಿಲ್ಲ ಮುರ್ತುಜಾ. ಒಂದ ಹಾಡು ಸೈತ ನೆಟ್ಟಗ ಬರವಲ್ದು."

"ಮೈಕ ಹಳೇದು, ಅದ್ಕ," ಎಂದು ಅವನು ಸಮಾಧಾನ ಹೇಳಿದ. ನನಗೆ ಬೇಸರವಾಯಿತು. ಆದರೆ ಮೈಕಿಗೆ ಸ್ವಂತ ಬಾಯಿಲ್ಲ.

ಬಾಗಿಲಲ್ಲಿ ಕುಳಿತಿದ್ದ ಅವಳ ಅಪ್ಪ ಶಂಕ್ರೆಪ್ಪ ಬಹಳ ಮಾತಿನವನಲ್ಲ. ಅಂದು ಅವನೇ ಬಾಯಿ ಬಿಟ್ಟ.

"ನೀ ಆ ಹಾಡು ಎಲ್ಲಿ ಕಟ್ಟಿದೆವಾ?"

"ಇಲ್ಲೇ ಅಪ್ಪಾ. ಕಂಡಿಕಿ ಸುತ್ತುವಾಗ." ಕಂಡಿಕಿ ಎಂದರೆ ಲಾಳಿಯಲ್ಲಿ ಕೂರುವ ನೂಲಿನ ಸುರುಳಿ.

"ಆವಾಗ ಮಗ್ಗ ಓಡತಿದ್ದವೋ ಇಲ್ಲೋ?"

"ಓಡತಿದ್ವು."

"ಮತ್ತ ಅವನ್ನ ಬಿಟ್ಟು ಹಾಡಂದ್ರ ಹೆಂಗ ಹಾಡೀತು ಆ ಹಾಡು?"

"ಹಂಗಾರ ಈಗ ಒಂದ ಮಗ್ಗ ಹಚ್ಚು ಅಪ್ಪಾ!"

ಶಂಕ್ರೆಪ್ಪ ಎದ್ದು ನಿಂತ. "ಅಮಾಸಿ ದಿನ ಮಗ್ಗ ಮುಟ್ಟಂಗಿಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾ ಮುಟ್ಟಂಗಿಲ್ಲ. ನಾಳೆ ಹಾಡು."

ಮರುದಿನ ಬೆಳಗ್ಗೆ ಕೌದಿಗಳನ್ನು ಬಿಚ್ಚಿದರು. ಮಗ್ಗಗಳು ಎದ್ದವು. ಮುರ್ತುಜಾನ ಮುಖ ನೋಡುವಂತಿರಲಿಲ್ಲ. ಮೌನವಿಲ್ಲದೆ ಮುದ್ರಣವಿಲ್ಲ ಎಂದು ಫೋನಿನ ಗುರುಗಳೆಲ್ಲ ಹೇಳಿದ್ದರು. ಅವರು ಹೇಳಿದ್ದು ಸಾಸಿವೆ ಬಿದ್ದರೂ ಕೇಳುವಂಥ ನಾಜೂಕಿನ ಮೈಕುಗಳ ಮಾತು. ನಾನು ಪಟಾಕಿಯ ನಡುವೆ, ಸಿಳ್ಳೆಯ ನಡುವೆ ದುಡಿದವನು. ದಾನಮ್ಮ ನನ್ನನ್ನು ತುಟಿಗೆ ತಾಗುವಷ್ಟು ಹತ್ತಿರ ತಂದಳು, ಆ ಊರಿನವರು ಕಿವಿಯಲ್ಲಿ ಮಾತಾಡುವ ಹಾಗೆ. ಮಗ್ಗದ ಬಡಿತಕ್ಕೆ ಅವಳ ಕಾಲ್ಬೆರಳು ತಾನಾಗಿ ಆಡಿತು. ಮೊದಲ ನುಡಿ ದಾಟಿತು. ಎರಡನೆಯದೂ ದಾಟಿತು.

*ಕೆಂಪ ಬ್ಯಾಡ, ಹಸರ ಬ್ಯಾಡ ಅಂತಿ ಯವ್ವಾ,*
*ಕೈಗೆ ಹತ್ತಿದ ಬಣ್ಣ ಸಾಕ.*

ಅವಳು ಮುಗಿಸಿದ ಮೇಲೂ ಮಗ್ಗ ಓಡುತ್ತಲೇ ಇದ್ದವು. ಮುರ್ತುಜಾ ಹೆಡ್‌ಫೋನು ಕಿವಿಗೆ ಹಚ್ಚಿಕೊಂಡು ಕೇಳಿದ. ಮುಂದೆ ದಾನಮ್ಮನ ದನಿ, ಹಿಂದೆ ಎಲ್ಲೋ ದೂರದಲ್ಲಿ ಮಗ್ಗ, ತಬಲಾದಂತೆ. ಅವನು ಅದನ್ನು ಸಾವಂತ್ರೆವ್ವನ ಕಿವಿಗೆ ಹಚ್ಚಿದ. ಅವಳು ತನ್ನ ಕೈ ನೋಡಿಕೊಂಡಳು.

ಗಡುವಿನೊಳಗೆ ಕಳಿಸಿದರು, ಧಾರವಾಡದವರು ಕರೆದರು. ಸಣ್ಣ ಸಭೆ. ಅರ್ಧ ಕುರ್ಚಿ ಖಾಲಿ. ದಾನಮ್ಮ ನನ್ನನ್ನೇ ಹಿಡಿದು ಹಾಡಿದಳು. ಮುಗಿದಾಗ ಹಿಂದಿನಿಂದ ಒಬ್ಬರು, "ಇನ್ನೊಂದು ಹಾಡವಾ, ನಿಂದ," ಎಂದರು. ಆ ಕೊನೆಯ ಮಾತನ್ನು ಕೇಳಲು ನಾನು ಆ ಗಣೇಶನ ಹಬ್ಬದಿಂದ ಕಾದಿದ್ದೆ. ಅದರಿಂದ ಅವಳಿಗೆ ಮಹಡಿ ಮನೆ ಬರಲಿಲ್ಲ. ಅವಳು ಇಂದಿಗೂ ಕಂಡಿಕಿ ಸುತ್ತುತ್ತಾಳೆ. ಆದರೆ ಹಾಡು ಕಟ್ಟಿದ ದಿನವೇ ಹಾಡಿಬಿಡುತ್ತಾಳೆ.

ನನ್ನ ಉಸಿರು ಹೋದದ್ದು ಹಾಡಲೆಂದು ಅವಳೊಂದಿಗೆ ಊರೂರು ತಿರುಗುತ್ತಿದ್ದಾಗ. ಚೀಲ ಬಸ್ಸಿನ ಮೇಲಿನಿಂದ ಜಾರಿತು, ಒಳಗಿನ ತಂತಿ ಕಡಿಯಿತು. ಮುರ್ತುಜಾ ಬಿಚ್ಚಿ ನೋಡಿ ತಲೆಯಲ್ಲಾಡಿಸಿದ. ದಾನಮ್ಮ ನನ್ನನ್ನು ಗುಜರಿಗೆ ಕೊಡಲಿಲ್ಲ. ಮಗ್ಗದ ಪಕ್ಕದ ಮೊಳೆಗೆ ತೂಗುಹಾಕಿದಳು.

ಹೋದ ಚಳಿಗಾಲದಲ್ಲಿ ವಸಂತ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಟೆಂಪೋ ಡ್ರೈವರನ ಫೋನಿನಲ್ಲಿ ದಾನಮ್ಮನ ಹಾಡು ಕೇಳಿ, ಪೇಡೆಯ ಪೊಟ್ಟಣ ಹಿಡಿದು ಹುಡುಕಿಕೊಂಡು ಬಂದಿದ್ದ. ಚಹಾ ಆಯಿತು. ದಾನಮ್ಮ ಬಿಡಲಿಲ್ಲ.

"ಕಾಕಾ, ನೀವೂ ಒಂದ ಹಾಡ ಕೊಡಬೇಕು. ನಿಮ್ಮದ ಇರಬೇಕು ಮತ್ತ."

ಮುರ್ತುಜಾ ಹೊಸ ಮೈಕು ತಂದ. ವಸಂತ ಅದನ್ನು ನೋಡಿದ, ಮೊಳೆಯ ಕಡೆ ನೋಡಿದ, ನನ್ನನ್ನು ಇಳಿಸಿಕೊಂಡ. "ಇದು ಕೈಯಾಗ ಇರ್ಲಿ. ರೂಢಿ," ಎಂದ. ಮಗ್ಗ ಓಡುತ್ತಿದ್ದವು. ಅದೇ ಒರಟು ದನಿ, ಅದೇ ನಾಚಿಕೆ. ಬೇವಿನ ಗಿಡ ಮತ್ತೆ ನಿಲ್ದಾಣದಲ್ಲಿ ಒಂಟಿಯಾಗಿ ನಿಂತಿತು. ಮೊದಲ ನುಡಿ ಮುಗಿಯಿತು. "ಸಾಕು" ಎಂದು ಕೈ ಎತ್ತುವವರು ಅಲ್ಲಿ ಯಾರೂ ಇರಲಿಲ್ಲ.

ವಸಂತ ಬಾಯಿ ತೆರೆದ. ನಿಂತ. ಮತ್ತೆ ಮೊದಲಿನಿಂದ ಎತ್ತಿಕೊಂಡು ಅಲ್ಲಿಯವರೆಗೆ ಬಂದ. ಮತ್ತೆ ನಿಂತ. ಅವನ ಅಂಗೈ ಬೆವರಿತು. ಎರಡನೆಯ ನುಡಿ ಬರಲಿಲ್ಲ.

"ಇತ್ತವಾ," ಎಂದ ಕೊನೆಗೆ, ನಗಲು ನೋಡುತ್ತ. "ಇದಕ್ಕಿಂತ ಚಂದ ಇತ್ತು."

ಸಾವಂತ್ರೆವ್ವ ಒಳಗೆ ಹೋಗಿ ಇನ್ನೊಂದು ಬಟ್ಟಲು ಚಹಾ ತಂದಿಟ್ಟಳು. ಮುರ್ತುಜಾ ಆ ಒಂದು ನುಡಿಯನ್ನೇ ಇದ್ದ ಹಾಗೆ ಉಳಿಸಿಕೊಂಡ, ಹೆಸರಿನ ಜಾಗದಲ್ಲಿ ವಸಂತ ಕಟ್ಟಿಮನಿ ಎಂದು ಬರೆದ.

ನಾನೀಗ ಮೊಳೆಯ ಮೇಲೆ ಇದ್ದೇನೆ. ಮೈಮೇಲೆ ಹತ್ತಿಯ ಧೂಳು ಕೂರುತ್ತದೆ. ವಸಂತ ಬೇರೆಯವರ ದನಿಯಲ್ಲಿ ಹಾಡಿದ ಹಾಡುಗಳೆಲ್ಲ ನನಗೆ ಇಂದಿಗೂ ಬಾಯಿಪಾಠ. ದಾನಮ್ಮನ ಹಾಡು ಪೂರ್ತಿ ಉಳಿಯಿತು, ವಸಂತನದು ಅರ್ಧ ಉಳಿಯಿತು. ಇನ್ನರ್ಧ ಏನಿತ್ತು ಎಂದು ನನ್ನನ್ನು ಕೇಳಬೇಡಿ. ಅದನ್ನು ನಾನು ಮರೆತಿಲ್ಲ. ಕೇಳಿಯೇ ಇಲ್ಲ.