ಹೊಗೆಯಿಲ್ಲದ ಮನೆ

ಹಿಂದಿನ ಯಾವ ಚಳಿಗಾಲದಲ್ಲೂ ನಿವಿಯಾಳ ಮನೆ ಇಷ್ಟು ಬೆಚ್ಚಗಿರಲಿಲ್ಲ. ಬೆಳಿಗ್ಗೆ ಎದ್ದು ಸೌದೆ ಸೀಳಬೇಕಿಲ್ಲ, ಬೂದಿ ಬಳಿಯಬೇಕಿಲ್ಲ, ಕಣ್ಣುಜ್ಜಿಕೊಳ್ಳಬೇಕಿಲ್ಲ. ಗೋಡೆಯ ಮೇಲಿನ ಬಿಳಿ ಯಂತ್ರ ನಿದ್ದೆ ಹೋದ ಬೆಕ್ಕಿನಂತೆ ಸಣ್ಣಗೆ ಗುರುಗುಟ್ಟುತ್ತ ಬಿಸಿಗಾಳಿ ಬಿಡುತ್ತಿತ್ತು. ಊರಿನ ಹೊಗೆ ತಗ್ಗಿಸಲೆಂದು ಅದನ್ನು ಕೂರಿಸಿಕೊಟ್ಟ ಸರ್ಕಾರದವರು, ಒಪ್ಪಂದದಂತೆ, ಅಡುಗೆಮನೆಯ ಕಬ್ಬಿಣದ ಸೌದೆ ಒಲೆಯನ್ನೂ ಸೂರಿನ ಮೇಲಿನ ಹೊಗೆಕೊಳವೆಯನ್ನೂ ಕಿತ್ತು ಒಯ್ದಿದ್ದರು. ಬಿಸಿ ಸೋರದಿರಲೆಂದು ನಿವಿಯಾ ಕಿಟಕಿಗಳಿಗೆ ಕಂಬಳಿಯಷ್ಟು ದಪ್ಪದ ಪರದೆ ಹೊಲಿಸಿದ್ದಳು. ಬೆಳಕು ಹರಿಯುವ ಮೊದಲೇ ಹೊರಟು, ಶಾಲೆಯ ಗ್ರಂಥಾಲಯದ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳ ಊರು ಕೊಯ್ಹೈಕೆಯಲ್ಲಿ ಮತ್ತೆ ಕತ್ತಲು ಕವಿದಿರುತ್ತಿತ್ತು. ಬಂದವಳೇ ಪರದೆಗಳನ್ನು ಅಂಚಿನಿಂದ ಅಂಚಿಗೆ ಎಳೆದುಬಿಡುತ್ತಿದ್ದಳು.

ಆಮೇಲೆ ಕಾಯುತ್ತಿದ್ದಳು.

ಯಂತ್ರ ಬಂದು ಐದು ವಾರವಾಗಿತ್ತು. ಐದು ವಾರದಿಂದ ಯಾರೂ ಬಾಗಿಲು ತಟ್ಟಿರಲಿಲ್ಲ.

ಮೊದಲೆಲ್ಲ ಸಂಜೆಯಾದರೆ ಒಲೆಯ ಸುತ್ತ ಜಾಗ ಸಾಲುತ್ತಿರಲಿಲ್ಲ. ಎದುರುಮನೆಯ ಮುದುಕಿ, ಎಲ್ಲರೂ ಗೌರವದಿಂದ 'ದೋನ್ಯಾ' ಎಂದು ಕರೆಯುವ ಒತೀಲಿಯಾ ಬರುತ್ತಿದ್ದಳು, ಅವಳ ಹಿಂದೆಯೇ ಮೂಲೆಮನೆಯ ದರ್ಜಿ ಗಂಡಹೆಂಡಿರು. ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಹೀರಲು ಎಲ್ಲರಿಗೂ ಒಂದೇ ಕೊಳವೆ. ಈಗ ನಿವಿಯಾ ತಾನೇ ಹೊಯ್ದು ತಾನೇ ಹೀರುತ್ತಿದ್ದಳು. ತನ್ನ ಸರದಿಗೆ ಕಾಯಲು ಯಾರೂ ಇಲ್ಲದಾಗ ಅದು ಬರೀ ಕಹಿ ನೀರು.

ಕಾರಣ ಅವಳಿಗೆ ಗೊತ್ತಿತ್ತು. ಯಂತ್ರ ಬರುವ ಮುನ್ನ ನಡೆದ ಬೀದಿಯವರ ಸಭೆಯಲ್ಲಿ, ಮಾತನ್ನು ಹತ್ತು ಸಲ ತೂಗಿ ಆಡುವ ತಾನೇ ಎದ್ದುನಿಂತು, "ದೋನ್ಯಾ, ನೀವು ಹಸಿ ಸೌದೆ ಉರಿಸೋದು ನಮ್ಮೆಲ್ಲರ ಎದೆಗೆ ಬಡೀತಿದೆ" ಎಂದುಬಿಟ್ಟಿದ್ದಳು.

"ನಲವತ್ತು ವರ್ಷ ನನ್ನ ಹೊಗೆ ಕುಡ್ಕೊಂಡೇ ಬೆಳ್ದೋಳಲ್ವೇನೇ ನೀನು? ಈಗ ಕೆಮ್ಮು ಬಂತಾ?" ಎಂದಿದ್ದಳು ಮುದುಕಿ. ಸಭೆಯೇ ನಕ್ಕಿತ್ತು. ಆ ನಗುವಿನಲ್ಲಿ ಮುದುಕಿಯ ಮುಖ ಹೇಗಿತ್ತೆಂದು ನಿವಿಯಾ ಈಗ ದಿನಕ್ಕೊಂದು ಬಗೆಯಾಗಿ ನೆನಪಿಸಿಕೊಳ್ಳುತ್ತಿದ್ದಳು.

ತಡೆಯಲಾರದೆ ಚಿಕ್ಕಪ್ಪನ ಮಗ ವಾಲ್ದೋನಿಗೆ ಫೋನ್ ಮಾಡಿ, ಒಲೆ ಹೋದ ಮೇಲೆ ಮನೆಗೆ ಯಾರೂ ಬರುತ್ತಿಲ್ಲವೆಂದು ಹೇಳಿಕೊಂಡಳು.

"ಅಯ್ಯೋ, ನನ್ನ ಕೊಟ್ಟಿಗೇಲಿ ಒಂದು ಹಳೇ ಒಲೆ ಬಿದ್ದಿದೆ," ಎಂದ ಅವನು. "ಶನಿವಾರ ತಂದು ಇಳಿಸ್ತೀನಿ. ಯಾರು ಬಂದು ನೋಡ್ತಾರೆ?"

"ಇನ್ನು ಸೌದೆ ಉರಿಸಲ್ಲ ಅಂತ ಬರೆದುಕೊಟ್ಟಿದೀನಲ್ಲೋ."

"ಹಾಗಾದ್ರೆ ಆ ಕಾಗದಾನೇ ಎದುರಿಗೆ ಕೂರಿಸ್ಕೊಂಡು ಮಾಟೆ ಕುಡಿ."

ಅವಳು ಖಾಲಿ ಕುರ್ಚಿಗಳತ್ತ ನೋಡಿ, "ತಗೊಂಬಾ" ಎಂದಳು.

ಶನಿವಾರ ಹತ್ತು ಗಂಟೆಗೆ, ವಾಲ್ದೋನ ಲಾರಿ ಬಂತೇ ಎಂದು ನೋಡಲು ಪರದೆ ಸರಿಸಿದಳು. ಸೂರುಗಳೆಲ್ಲ ಮಂಜುಗಟ್ಟಿ ಬೆಳ್ಳಗಿದ್ದವು. ಒಂದೊಂದು ಕೊಳವೆಯಿಂದಲೂ ಹೊಗೆ ಏಳುತ್ತಿತ್ತು, ದೋನ್ಯಾ ಒತೀಲಿಯಾಳದೊಂದನ್ನು ಬಿಟ್ಟು.

ಈ ಊರಿನಲ್ಲಿ ಹೊಗೆಯಿಲ್ಲವೆಂದರೆ ಮನೆಯಲ್ಲಿ ಜನವಿಲ್ಲ, ಇಲ್ಲವೇ ಇದ್ದವರು ಎದ್ದಿಲ್ಲ. ನಿವಿಯಾ ಮನೆಯೊಳಗಿನ ಚಪ್ಪಲಿಯಲ್ಲೇ ಬೀದಿ ದಾಟಿ ಓಡಿದಳು.

ಮುದುಕಿ ಆರಿದ ಒಲೆಯ ಮುಂದೆ ಕುಳಿತು ಹಸಿ ಕೊರಡೊಂದನ್ನು ಊದುತ್ತಿದ್ದಳು. ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

"ಓ, ಯಾವಾಗ ಬಂದೆ?" ಎಂದಳು ತಲೆಯೆತ್ತಿ.

"ಎಲ್ಲಿಂದ?"

"ಒಸೋರ್ನೋದಿಂದ. ನಿಮ್ಮಕ್ಕನ ಮನೆಯಿಂದ."

"ನಾನೆಲ್ಲೂ ಹೋಗೇ ಇಲ್ಲ, ದೋನ್ಯಾ! ಕೈಗೇನಾಯ್ತು?"

"ಮಂಜಿನ ಮೇಲೆ ಜಾರಿದೆ. ಕೊಡಲಿ ಎತ್ತಕ್ಕಾಗ್ತಿಲ್ಲ, ಸೀಳಿಟ್ಟಿದ್ದ ಸೌದೆ ನಿನ್ನೆಗೆ ಮುಗೀತು. ಅದಿರ್ಲಿ, ಹೋಗಿಲ್ಲ ಅಂದ್ರೇನು? ಒಲೆ ಹೊತ್ಕೊಂಡು ಹೋಗಿದ್ದು ನಾನೇ ನೋಡ್ದೆ. ಆಮೇಲೆ ಹೊಗೆ ಇಲ್ಲ, ಕಿಟಕೀಲಿ ಒಂದು ಚೂರು ಬೆಳಕಿಲ್ಲ. ಹೇಳ್ದೆ ಕೇಳ್ದೆ ಹೊರಟೋದ್ಲಲ್ಲ ಅಂತ ದರ್ಜಿ ಹೆಂಡ್ತಿ ಮುಂದೆ ಚೆನ್ನಾಗಿ ಬೈದೆ."

"ಯಂತ್ರ ಹಾಕಿಸ್ತೀನಿ ಅಂತ ಸಭೇಲಿ ಹೇಳಿದ್ನಲ್ಲ?"

"ಕಿವಿ ಕೇಳ್ತು. ಕಣ್ಣು ಒಪ್ಬೇಕಲ್ಲ ಮಗಳೇ? ಎಪ್ಪತ್ತು ವರ್ಷದಿಂದ ಸೂರು ನೋಡಿ ಬಾಗಿಲು ತಟ್ಟಿದ ಕಣ್ಣಿದು."

ನಿವಿಯಾ ತಡವರಿಸಿದಳು. "ಹಾಗಾದ್ರೆ… ಸಭೇಲಿ ನಾನಾಡಿದ ಮಾತಿಗೆ ನಿಮಗೆ ಕೋಪ ಇಲ್ವಾ?"

"ಯಾವ ಮಾತು?"

ನಿವಿಯಾಗೆ ನಗು ಬರಲಿಲ್ಲ. ಐದು ವಾರ ಅವಳೊಬ್ಬಳೇ ಹೊತ್ತ ಮಾತದು. ಹೊರಗೆ ಹೋಗಿ ಕೊಡಲಿ ಎತ್ತಿಕೊಂಡು, ಒಣಗಿದ ಕೊರಡುಗಳನ್ನೇ ಆರಿಸಿ ವಾರಕ್ಕಾಗುವಷ್ಟು ಸೌದೆ ಸೀಳಿದಳು. ನಡುವೆ ವಾಲ್ದೋನ ಲಾರಿ ಬಂತು. "ವಾಪಸ್ ತಗೊಂಡೋಗು" ಎಂದಳು. ಅವನು ಅವಳನ್ನೂ ಕೊಡಲಿಯನ್ನೂ ನೋಡಿ, "ಓದಿದೋರ ಸಹವಾಸ!" ಎಂದು ಗೊಣಗುತ್ತ ಲಾರಿ ತಿರುಗಿಸಿದ.

ಆ ಮಧ್ಯಾಹ್ನ ಮುದುಕಿ ನಿವಿಯಾಳ ಮನೆಗೆ ಬಂದಳು. ಅಭ್ಯಾಸದಂತೆ ಒಲೆಯಿದ್ದ ಜಾಗದ ಕಡೆ ಕುರ್ಚಿ ಎಳೆದುಕೊಂಡು ಕೈ ಚಾಚಿದಳು. ಅಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತುಗಳಷ್ಟೇ ಉಳಿದಿದ್ದವು. ಕೈ ಹಿಂದಕ್ಕೆಳೆದುಕೊಂಡಳು.

"ಬಿಸಿಯೇನೋ ಚೆನ್ನಾಗಿದೆ. ಮಣಿಕಟ್ಟಿಗೆ ಹಿತವಾಗಿದೆ. ಆದ್ರೆ ಏನನ್ನ ನೋಡ್ತಾ ಕೂರೋದು?"

"ನನ್ನ ಮುಖ ನೋಡಿ."

"ನಿನ್ನ ಮುಖದ ಮೇಲೆ ಕಾಲುಚೀಲ ಒಣಗಿಸಕ್ಕಾಗುತ್ತಾ?"

ಮೂರು ಸುತ್ತು ಮಾಟೆ ಕುಡಿದು, ಬೆಳಕಿರುವಾಗಲೇ ಹೊರಟಳು. ಹೊಸ್ತಿಲಲ್ಲಿ ನಿಂತು ಕೇಳಿದಳು: "ನಾಳೆ ನೀನಿದೀಯೋ ಇಲ್ವೋ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ಆ ಜಾರೋ ಬೀದೀಲಿ ಸುಮ್ ಸುಮ್ನೆ ನಡ್ಕೊಂಡು ಬರಕ್ಕಾಗಲ್ಲ."

ಭಾನುವಾರ ಸಂಜೆ ಐದಕ್ಕೆ ನಿವಿಯಾ ಬೀದಿ ಕಡೆಯ ಪರದೆಯನ್ನು ಒಂದು ಮೊಳ ಸರಿಸಿ, ಹೊಗೆಯ ಬದಲು ಕಿಟಕಿಯಲ್ಲಿ ದೀಪವಿಟ್ಟಳು. ಗಾಜಿನಿಂದ ಇಳಿದ ಚಳಿ ಅವಳ ಮೊಣಕಾಲನ್ನು ಮುಟ್ಟಿತು. ಯಂತ್ರದ ಗುರುಗುಟ್ಟುವಿಕೆ ಏರಿತು. ಎದುರು ಸೂರಿನ ಮೇಲೆ, ತಾನೇ ಸೀಳಿಕೊಟ್ಟ ಸೌದೆಯ ಹೊಗೆ ತೆಳ್ಳಗೆ, ನೆಟ್ಟಗೆ ಏಳುತ್ತಿತ್ತು.

ನೀರು ಕುದಿದು ಕೆಟಲ್ ತಾನೇ ಆರಿತು. ಐದೂವರೆಗೆ ಮತ್ತೆ ಗುಂಡಿ ಒತ್ತಿದಳು. ಆರಕ್ಕೆ ಇನ್ನೊಮ್ಮೆ. ಬೀದಿಯಲ್ಲಿ ಯಾರೂ ಕಾಣಲಿಲ್ಲ. ಕಾಲು ತಣ್ಣಗಾಗಿತ್ತು. ಶಾಲು ತಂದು ಮೊಣಕಾಲಿಗೆ ಸುತ್ತಿಕೊಂಡಳು, ಪರದೆ ಎಳೆಯಲಿಲ್ಲ.